ಗಂಡಿನ ಕಡೆಯವರು

ಸಂತೆಯಲ್ಲಿ ಮಡಹಾಗಲಕಾಯಿಯ ಬೆಲೆ ಕೇಳಿದವರು ಸಾಮಾನ್ಯವಾಗಿ ಬದನೆಕಾಯಿ ಕೊಂಡು ಮನೆಗೆ ಮರಳುತ್ತಾರೆ. ಕುರುಚಲು ಕಾಡಿನ ಪೊದೆಗಳ ಮೇಲೆ ಯಾರ ಆರೈಕೆಯೂ ಇಲ್ಲದೆ ಹಬ್ಬುವ ಬಳ್ಳಿಯ ಕಾಯಿಗೆ ಅಷ್ಟೊಂದು ದುಡ್ಡು ಸುರಿಯುವುದು ಅನ್ಯಾಯವೆಂದು ತೀರ್ಮಾನಿಸಿದ ನಮ್ಮ ಮಾವನವರು, ಹಾವೇರಿ ಕಡೆಯ ತಮ್ಮ ಹೊಲದ ಬದುವಿನಿಂದ ಒಂದು ಗಡ್ಡೆಯನ್ನು ಅಗೆದು ತಂದು ಹಿತ್ತಿಲಲ್ಲಿ ನೆಟ್ಟರು. ಬೇಸಿಗೆಯಿಡೀ ಸತ್ತಂತೆ ಬಿದ್ದಿದ್ದ ಆ ಗಡ್ಡೆ ಮುಂಗಾರಿನ ಮೊದಲ ಮಳೆಗೆ ಚಿಗುರಿ, ಕಾಂಪೌಂಡು ಏರಿ, ಬಟ್ಟೆ ಒಣಹಾಕುವ ತಂತಿಯನ್ನು ವಶಪಡಿಸಿಕೊಂಡು, ಮೈತುಂಬ ಹಳದಿ ಹೂ ಬಿಟ್ಟಿತು. ಕಾಯಿ ಮಾತ್ರ ಒಂದೂ ಬಿಡಲಿಲ್ಲ.

ದೃಷ್ಟಿಯಾಗಿದೆಯೆಂದು ಅತ್ತೆಯವರು ಹಳೆಯ ಚಪ್ಪಲಿ ಕಟ್ಟಿದರು. ಮಾವನವರು ಗೊಬ್ಬರ ಹಾಕಿದರು. ಬಳ್ಳಿ ಇಬ್ಬರ ಮಾತಿಗೂ ಬೆಲೆ ಕೊಟ್ಟು ಇನ್ನಷ್ಟು ಹೂ ಬಿಟ್ಟಿತು. ಕೊನೆಗೆ ಸೊಪ್ಪು ಮಾರಲು ಬಂದ ಅಜ್ಜಿ ಒಂದು ಹೂವನ್ನು ತಿರುಗಿಸಿ ನೋಡಿ, "ಇದು ಗಂಡು ಐತ್ರಿ" ಎಂದು ಬುಟ್ಟಿ ಎತ್ತಿಕೊಂಡು ಹೊರಟಳು. ಮಡಹಾಗಲದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹೆಣ್ಣು ಹೂವಿನ ಎಸಳುಗಳ ಕೆಳಗೆ ಮುಳ್ಳುಮುಳ್ಳಾದ ಪುಟ್ಟ ಕಾಯಿ ಮೊದಲೇ ಕಾಣಿಸುತ್ತದೆ, ಗಂಡು ಹೂವಿಗೆ ಇರುವುದು ಬರಿಯ ತೊಟ್ಟು.

ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರ ಮನೆಯಲ್ಲಿ ಹೆಣ್ಣು ಬಳ್ಳಿಯಿದ್ದು, ಅದರ ಹೀಚುಗಳೆಲ್ಲ ಹಳದಿಯಾಗಿ ಉದುರುತ್ತಿವೆಯೆಂಬ ಸುದ್ದಿ ಬಂದೊಡನೆ ಮಾವನವರ ನಡಿಗೆಯೇ ಬದಲಾಯಿತು. ಹೂ ನಮ್ಮದು, ಆದ್ದರಿಂದ ಕಾಯಿಯಲ್ಲಿ ಅರ್ಧ ನಮ್ಮದು ಎಂದರು. ಎಂಟು-ಹತ್ತು ಹೆಣ್ಣು ಬಳ್ಳಿಗೆ ಒಂದು ಗಂಡು ಬಳ್ಳಿ ಸಾಕಾಗುವಾಗ ಇಷ್ಟು ಬಿಗುಮಾನ ಸಲ್ಲದೆಂದು ಮೇಷ್ಟ್ರು ಮೂರನೆಯ ಒಂದು ಪಾಲಿಗೆ ಇಳಿಸಿದರು.

ತೊಡಕೆಂದರೆ, ಈ ಹೂಗಳು ಅರಳುವುದು ಪತಂಗಗಳ ಅನುಕೂಲಕ್ಕೆ, ಅಂದರೆ ಕತ್ತಲಾಗುವ ಹೊತ್ತಿಗೆ. ಮನೆಯವರೆಲ್ಲ ಧಾರಾವಾಹಿಯ ಮುಂದೆ ಕುಳಿತಿರುವಾಗ ನಾನು ಬಟ್ಟಲಲ್ಲಿ ಗಂಡು ಹೂ, ಬಾಯಲ್ಲಿ ಟಾರ್ಚು ಹಿಡಿದು ಮೇಷ್ಟ್ರ ಹಿತ್ತಿಲಿಗೆ ಹೋಗಬೇಕಾಯಿತು. ಅವರ ಮಹಡಿಗೆ ಹೊಸದಾಗಿ ಬಂದಿದ್ದ ಬಾಡಿಗೆದಾರರು "ಕಳ್ಳ, ಕಳ್ಳ" ಎಂದು ಕೂಗಿ ಬೀದಿಯನ್ನೇ ಸೇರಿಸಿದರು. ಹೂವಿಗೆ ಹೂ ಮುಟ್ಟಿಸಲು ಬಂದಿದ್ದೇನೆಂಬ ನನ್ನ ಉತ್ತರ, ಅದು ಅಕ್ಷರಶಃ ನಿಜವಾಗಿದ್ದರೂ, ಯಾರಿಗೂ ಸಮಾಧಾನ ತರಲಿಲ್ಲ.

ಎರಡು ವಾರದೊಳಗೆ ಎಳೆಗಾಯಿ ಪಲ್ಯಕ್ಕೆ ಬಂತು. ಮೇಷ್ಟ್ರ ಮನೆಯಿಂದ ಆ ಪಲ್ಯದ ಒಗ್ಗರಣೆಯ ಪರಿಮಳ ಮಾತ್ರ ನಮ್ಮತನಕ ಬಂತು. ಮತ್ತೊಂದು ವಾರ ಕಳೆದು ನಮ್ಮ ಪಾಲು ತಲುಪಿದಾಗ ಕಾಯಿಗಳೆಲ್ಲ ಕೆಂಪಡರಿ ಬಿರಿದು, ಒಳಗಿನ ಬೀಜ ಕಲ್ಲಾಗಿತ್ತು. ಲೆಕ್ಕದಲ್ಲಿ ಮೂರನೆಯ ಒಂದು ಪಾಲಿಗೆ ಒಂದು ಕಾಯಿಯೂ ಕಡಿಮೆಯಿರಲಿಲ್ಲವಾದ್ದರಿಂದ ಮಾವನವರಿಗೆ ಜಗಳ ತೆಗೆಯಲೂ ದಾರಿಯಿರಲಿಲ್ಲ.