ಕ್ಯಾಪ್ಟನ್ ನೆಮೋ ನಮ್ಮ ದೇಶದವನು ಅಂತ ನಂಗೆ ಯಾರೂ ಹೇಳಿರ್ಲಿಲ್ಲ

ಹದಿನೈದು ದಿನದಿಂದ ರಾತ್ರಿ ಊಟ ಆದ್ಮೇಲೆ ಮಗಳಿಗೆ ಫ್ರಾನ್ಸಿನ ಲೇಖಕ ಜೂಲ್ಸ್ ವರ್ನ್‌ನ ಸಬ್‌ಮರೀನ್ ಕಥೆ ಓದಿ ಹೇಳ್ತಾ ಇದೀನಿ, ಅದೇ ಸಮುದ್ರದಡಿ ಇಪ್ಪತ್ತು ಸಾವಿರ ಲೀಗ್, ಕ್ಯಾಪ್ಟನ್ ನೆಮೋ ತನ್ನ ನಾಟಿಲಸ್ ಅನ್ನೋ ಸಬ್‌ಮರೀನಲ್ಲಿ ಸಮುದ್ರ ಸುತ್ತೋ ಕಥೆ. ಇಂಗ್ಲಿಷ್ ಪುಸ್ತಕ ತೊಡೆ ಮೇಲಿಟ್ಕೊಂಡು ಬಾಯಲ್ಲಿ ಕನ್ನಡ ಮಾಡ್ಕೊಂಡು ಹೋಗೋದು. ಅವಳಿಗೆ ಒಂಬತ್ತು ವರ್ಷ. ನಾನು ಇದನ್ನ ಮೊದಲು ಓದಿದಾಗ ನಂಗೆ ಹನ್ನೊಂದಿರ್ಬೇಕು, ಅರಸೀಕೆರೆ ಕಡೆ ನಮ್ಮೂರು, ಸಮುದ್ರ ಅಂದ್ರೆ ಕ್ಯಾಲೆಂಡರ್ ಚಿತ್ರ, ಮಳೆ ಬಂದ ವರ್ಷ ಕೆರೆ ತುಂಬಿದ್ರೆ ಅದೇ ನಮಗೆ ಸಮುದ್ರ. ಲೈಬ್ರರಿಯಲ್ಲಿ ಸಿಕ್ಕಿದ್ದ ಸಂಕ್ಷಿಪ್ತ ಕನ್ನಡ ಪುಸ್ತಕ ಅದು, ರಟ್ಟು ಕಿತ್ತೋಗಿತ್ತು, ಕೊನೇ ಹಾಳೆಗಳೂ ಇರ್ಲಿಲ್ಲ, ಹಾಗಾಗಿ ನೆಮೋ ಕಡೆಗೆ ಏನಾದ ಅಂತ ಗೊತ್ತಾಗದೇನೇ ನಾನು ಹೈಸ್ಕೂಲು ಮುಗಿಸಿದೆ. ಬೇಸಿಗೆಯಲ್ಲಿ ಅಂಗಳದಲ್ಲಿ ಚಾಪೆ ಹಾಸ್ಕೊಂಡು ಮಲಗಿ ಎಷ್ಟು ರಾತ್ರಿ ನಾನೇ ಅದಕ್ಕೊಂದೊಂದು ಕೊನೆ ಕಟ್ಟಿದೀನೋ ಲೆಕ್ಕ ಇಲ್ಲ.

ಈಗ ಮತ್ತೆ ಓದ್ತಾ ಒಂದು ಮಾತು ಬರೀಲೇಬೇಕು ಅನ್ಸ್ತು. ವರ್ನ್ ಬಗ್ಗೆ ಯಾರೇ ಮಾತಾಡ್ಲಿ, ಶುರುವಾಗೋದೇ ಹೀಗೆ: ಸಬ್‌ಮರೀನ್ ಬರೋಕೆ ಮೊದ್ಲೇ ಸಬ್‌ಮರೀನ್ ಬರೆದ, ಚಂದ್ರನಿಗೆ ಹೋಗೋಕೆ ಮೊದ್ಲೇ ಹೋಗ್ತೀವಿ ಅಂದ, ಎಂಥಾ ದೂರದೃಷ್ಟಿ! ಭವಿಷ್ಯ ಹೇಳಿದ್ದಕ್ಕೇ ಈ ಕಥೆಗಳು ಉಳ್ಕೊಂಡ್ವು ಅನ್ನೋ ಥರ. ನಂಗೆ ಇದು ಸುತಾರಾಂ ಒಪ್ಪಿಗೆ ಇಲ್ಲ. 1863ರಲ್ಲೇ ಫ್ರೆಂಚ್ ನೌಕಾಪಡೆ ಪ್ಲೊಂಜರ್ ಅನ್ನೋ ಸಬ್‌ಮರೀನ್ ನೀರಿಗೆ ಇಳಿಸಿತ್ತು, ಅದರ ಮಾಡೆಲ್‌ನ 1867ರ ಪ್ಯಾರಿಸ್ ಎಕ್ಸಿಬಿಷನ್ನಲ್ಲಿ ವರ್ನ್ ಕಣ್ಣಾರೆ ನೋಡಿದ್ದ, ನಾಟಿಲಸ್ ಅನ್ನೋ ಹೆಸರಂತೂ 1800ರಲ್ಲಿ ರಾಬರ್ಟ್ ಫುಲ್ಟನ್ ಕಟ್ಟಿದ ಸಬ್‌ಮರೀನ್‌ದು. ಇನ್ನು ತಪ್ಪುಗಳು ಬೇಕಾದಷ್ಟಿವೆ. ನಾಟಿಲಸ್ 16,000 ಮೀಟರ್ ಆಳಕ್ಕೆ ಇಳಿಯುತ್ತೆ, ನಿಜವಾದ ಸಮುದ್ರದಲ್ಲಿ ಅತಿ ಆಳದ ಜಾಗವೇ ಸುಮಾರು 11,000 ಮೀಟರ್. ಹಿಮದ ಕೆಳಗಿಂದ ನುಸುಳಿ ದಕ್ಷಿಣ ಧ್ರುವಕ್ಕೇ ಹೋಗ್ಬಿಡ್ತಾರೆ, ಅಲ್ಲಿ ಇರೋದು 2,800 ಮೀಟರ್ ಎತ್ತರದ ಹಿಮದ ಬಯಲು, ಸಬ್‌ಮರೀನ್ ಹೋಗೋ ದಾರಿಯೇ ಇಲ್ಲ. ಚಂದ್ರನ ಕಥೆಯಲ್ಲಿ ಜನರನ್ನ ಗುಂಡಿನೊಳಗೆ ಕೂರಿಸಿ ಫಿರಂಗಿಯಿಂದ ಹಾರಿಸಿದ್ರಲ್ಲ, ಆ ಹೊಡೆತಕ್ಕೆ ಒಳಗಿದ್ದ ಮೂರೂ ಜನ ಅಲ್ಲೇ ಅಪ್ಪಚ್ಚಿ ಆಗ್ಬೇಕಿತ್ತು. ಆದ್ರೂ 150 ವರ್ಷ ಆದ್ಮೇಲೂ ನನ್ನ ಮಗಳು ದೀಪ ಆರಿಸ್ಬೇಡ ಅಪ್ಪಾ ಇನ್ನೊಂದು ಪೇಜು ಅಂತಾಳೆ. ಭವಿಷ್ಯ ಸರಿ ಹೋಯ್ತು ಅಂತ ಅಲ್ಲ ಅಲ್ವಾ ಅದು?

ಅವಳನ್ನ ಹಿಡಿದಿಟ್ಟಿದ್ದು ಏನು ಗೊತ್ತಾ, ಕಾನ್ಸೀಲ್ ಮತ್ತು ನೆಡ್ ಲ್ಯಾಂಡ್. ಕಾನ್ಸೀಲ್ ಈ ಕಥೆ ಹೇಳೋ ಪ್ರೊಫೆಸರ್ ಅರೊನಾಕ್ಸ್‌ನ ಆಳು, ಮೀನಿನ ವರ್ಗ ಕುಲ ಜಾತಿ ಎಲ್ಲಾ ಬಾಯಿಪಾಠ, ಆದ್ರೆ ಕಣ್ಮುಂದೆ ಮೀನು ಬಂದ್ರೆ ಇದು ಯಾವ್ದು ಅಂತ ಗುರುತು ಹತ್ತಲ್ಲ. ನೆಡ್ ಲ್ಯಾಂಡ್ ತಿಮಿಂಗಿಲ ಬೇಟೆಗಾರ, ಶಾಸ್ತ್ರ ಗೀಸ್ತ್ರ ಒಂದೂ ಬರಲ್ಲ, ಆದ್ರೆ ಕಿಟಕಿ ಗಾಜಿನಾಚೆ ಒಂದು ಬಾಲ ಅಲ್ಲಾಡಿದ್ರೆ ಹೆಸರು ಹೇಳ್ತಾನೆ, ತಿನ್ನೋಕೆ ಚೆನ್ನಾಗಿರುತ್ತೋ ಇಲ್ವೋ ಅದನ್ನೂ ಹೇಳ್ತಾನೆ. ಇವರಿಬ್ಬರನ್ನ ಸೇರಿಸಿದ್ರೆ ಒಬ್ಬ ದೊಡ್ಡ ವಿಜ್ಞಾನಿ ಆಗ್ತಾನೆ ಅಂತ ಪ್ರೊಫೆಸರ್ ಅಂದ್ಕೋತಾನೆ. ಆ ಸಾಲು ಓದ್ತಿದ್ದಂಗೆ ನಂಗೆ ತೇಜಸ್ವಿಯವರ ಕರ್ವಾಲೋ ನೆನಪಾಗಿ ಒಂದು ನಿಮಿಷ ಪುಸ್ತಕ ಮುಚ್ಚಿಟ್ಟೆ. ಅಲ್ಲಿ ಮಂದಣ್ಣ ಇದಾನಲ್ಲ, ಊರವರ ಕಣ್ಣಿಗೆ ಉಂಡಾಡಿ, ಕರ್ವಾಲೋ ಕಣ್ಣಿಗೆ ಮಾತ್ರ ಹುಟ್ಟಾ ಜೀವವಿಜ್ಞಾನಿ. ಹಾರುವ ಓತಿ ಹುಡುಕ್ಕೊಂಡು ಕಾಡಿಗೆ ಹೋಗೋ ಆ ಗುಂಪಿಗೂ ನಾಟಿಲಸ್ ಒಳಗಿರೋ ಇವರಿಗೂ ನಂಗೆ ಅಂಥಾ ವ್ಯತ್ಯಾಸ ಕಾಣಲ್ಲ. ಗೊತ್ತಿಲ್ಲದ ಜಾಗಕ್ಕೆ ಹೋಗ್ಬೇಕು, ಹೆಜ್ಜೆಹೆಜ್ಜೆಗೂ ನಿಂತು ನೋಡ್ಬೇಕು, ಅಳೀಬೇಕು, ಹೆಸರು ಕೇಳ್ಬೇಕು, ಪುಸ್ತಕ ಓದಿದವನು ಕಾಡು ತಿಳಿದವನ ಹತ್ರ ಕಲೀಬೇಕು. ಈ ಖುಷಿ ಹಳತಾಗಲ್ಲ.

ಮೊನ್ನೆ ರಾತ್ರಿ ಬಂಗಾಳಕೊಲ್ಲಿಯ ಭಾಗ ಬಂತು. ಗಂಗೆಯಲ್ಲಿ ತೇಲಿ ಬಂದ ಹೆಣಗಳು ಸಮುದ್ರ ಸೇರೋದನ್ನ ನಾಟಿಲಸ್‌ನವರು ನೋಡ್ತಾರೆ, ಅದಾದ ಸ್ವಲ್ಪ ಹೊತ್ತಿಗೆ ಇಡೀ ಸಮುದ್ರ ಹಾಲಿನ ಥರ ಬೆಳ್ಳಗೆ ಹೊಳೆಯೋಕೆ ಶುರುವಾಗುತ್ತೆ. ಮಗಳು ಇದು ಸುಳ್ಳು ಅಂದ್ಲು. ಸುಳ್ಳಲ್ಲ ಕಣೇ. 1995ರಲ್ಲಿ ಸೊಮಾಲಿಯಾ ಕಡೆ ಸಮುದ್ರದಲ್ಲಿ ಲಿಮಾ ಅನ್ನೋ ಹಡಗಿನವರು ಹಿಂಗೇ ಬೆಳ್ಳಗಿರೋ ನೀರಲ್ಲಿ ಗಂಟೆಗಟ್ಲೆ ಹೋದ್ವಿ ಅಂತ ಬರೆದಿಟ್ಟಿದ್ರು, ಹತ್ತು ವರ್ಷ ಆದ್ಮೇಲೆ ವಿಜ್ಞಾನಿಗಳು ಆ ದಿನದ ಸ್ಯಾಟಲೈಟ್ ದಾಖಲೆ ಹುಡುಕಿ ತೆಗೆದ್ರೆ ಸುಮಾರು 15,400 ಚದರ ಕಿಲೋಮೀಟರ್ ಹೊಳೀತಾ ಇತ್ತು. ಕಾರಣ ಬ್ಯಾಕ್ಟೀರಿಯಾ ಅಂತಾರೆ ಈಗ. ವರ್ನ್ ಸಣ್ಣ ಹುಳ ಅಂತ ಬರೆದಿದಾನೆ, ಕಾರಣ ತಪ್ಪು, ಆದ್ರೆ ನಾವಿಕರು ಹೇಳಿದ್ದನ್ನ ಕಟ್ಟುಕಥೆ ಅಂತ ತಳ್ಳಿಹಾಕ್ಲಿಲ್ಲ ಅವನು, ಅದು ನಂಗೆ ದೊಡ್ಡದು.

ಇನ್ನು ನೆಮೋ ವಿಷ್ಯಕ್ಕೆ ಬರ್ತೀನಿ, ಈ ಪೋಸ್ಟ್ ಬರೆಯೋಕೆ ಕಾರಣವೇ ಅವನು.

ನೆಮೋ ಅಂದ್ರೆ ಲ್ಯಾಟಿನ್‌ನಲ್ಲಿ ಯಾರೂ ಅಲ್ಲ ಅಂತ ಅರ್ಥ. ಹೆಸರಿಲ್ಲ, ದೇಶ ಇಲ್ಲ, ನೆಲಕ್ಕೆ ಕಾಲಿಡಲ್ಲ ಅಂತ ಶಪಥ ಮಾಡಿದವನ ಹಾಗೆ ಬದುಕ್ತಾನೆ. ಹನ್ನೆರಡು ಸಾವಿರ ಪುಸ್ತಕ ಇಟ್ಕೊಂಡಿದಾನೆ. ಅವನ ಕೋಣೆ ಗೋಡೆ ಮೇಲೆ ಯಾರ್ಯಾರ ಚಿತ್ರ ಇದೆ ನೋಡಿ: ಪೋಲೆಂಡಿನ ಕೊಸ್ಯುಷ್ಕೊ, ಗ್ರೀಸಿನ ಬೊಟ್ಸಾರಿಸ್, ಐರ್ಲೆಂಡಿನ ಓಕಾನೆಲ್, ವಾಷಿಂಗ್ಟನ್, ಲಿಂಕನ್, ಆಮೇಲೆ ಅಮೆರಿಕದಲ್ಲಿ ಗುಲಾಮಗಿರಿ ವಿರುದ್ಧ ದಂಗೆ ಎದ್ದು ನೇಣಿಗೆ ಬಿದ್ದ ಜಾನ್ ಬ್ರೌನ್. ಎಲ್ರೂ ಜನರ ಬಿಡುಗಡೆಗೆ ನಿಂತವರು. ಇದ್ಯಾವ್ದೂ ಅಲಂಕಾರಕ್ಕೆ ತೂಗುಹಾಕಿದ್ದಲ್ಲ. ಸಿಲೋನ್ ಹತ್ರ ಮುತ್ತು ತೆಗೆಯೋ ಬಡವನೊಬ್ಬ ಶಾರ್ಕ್ ಬಾಯಿಗೆ ಸಿಕ್ಕೋ ಹೊತ್ತಲ್ಲಿ ಇದೇ ನೆಮೋ ಒಂದು ಕಠಾರಿ ಹಿಡ್ಕೊಂಡು ಮುನ್ನುಗ್ಗಿ ಅವನ ಜೀವ ಉಳಿಸ್ತಾನೆ, ಮೇಲೆ ಕರ್ಕೊಂಡ್ಹೋಗಿ ಅವನ ಕೈಗೆ ಒಂದು ಚೀಲ ಮುತ್ತು ಇಡ್ತಾನೆ. ಯಾಕೆ ಅಂತ ಕೇಳಿದ್ರೆ, ಆ ಮನುಷ್ಯ ತುಳಿತಕ್ಕೊಳಗಾದ ನಾಡಿನವನು, ನಾನೂ ಕೊನೇ ಉಸಿರಿನವರೆಗೂ ಆ ನಾಡಿನವನೇ ಅನ್ನೋ ಅರ್ಥದಲ್ಲಿ ಉತ್ತರ ಕೊಡ್ತಾನೆ. ಇಷ್ಟೊಂದು ಸುಳಿವು ಕೊಟ್ರೂ ಆ ಪುಸ್ತಕ ಮುಗಿಯೋವರೆಗೆ ಅವನು ಯಾರು ಅಂತ ಹೇಳಲ್ಲ. ಒಂದು ಯುದ್ಧನೌಕೇನ ಜನರ ಸಮೇತ ಮುಳುಗಿಸಿ, ಒಳಗೆ ಹೋಗಿ ಒಬ್ಬ ಹೆಂಗಸು ಇಬ್ಬರು ಮಕ್ಕಳ ಚಿತ್ರದ ಮುಂದೆ ಮಂಡಿಯೂರಿ ಅಳ್ತಾನೆ, ಅಷ್ಟೇ.

ನಾನು ಡಿಗ್ರಿ ಓದುವಾಗ ವರ್ನ್ ಬರೆದ ಇನ್ನೊಂದು ಪುಸ್ತಕ ಮಿಸ್ಟೀರಿಯಸ್ ಐಲ್ಯಾಂಡ್ ಕೈಗೆ ಬಂತು. 1875ರಲ್ಲಿ ಮುಗಿದ ಕಥೆ ಅದು. ಹಾಸ್ಟೆಲ್ ರೂಮಲ್ಲಿ ಬೆಳಗಿನ ಜಾವ ಕೊನೇ ಭಾಗಕ್ಕೆ ಬಂದೆ, ಮುದುಕ ನೆಮೋ ಸಾಯೋ ಹೊತ್ತಲ್ಲಿ ತಾನು ಯಾರು ಅಂತ ಹೇಳ್ತಾನೆ: ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್, 1857ರ ದಂಗೆಯಲ್ಲಿ ಹೋರಾಡಿ ಹೆಂಡ್ತಿ ಮಕ್ಕಳು ರಾಜ್ಯ ಎಲ್ಲಾ ಕಳ್ಕೊಂಡವನು, ಟಿಪ್ಪು ಸುಲ್ತಾನನ ಬಂಧು! ಶ್ರೀರಂಗಪಟ್ಟಣದ ಟಿಪ್ಪು!! ವರ್ನ್ ಆ ಬಂಧುತ್ವಕ್ಕೆ ಹಾಕಿರೋದು ಇಂಗ್ಲಿಷಲ್ಲಿ ನೆಫ್ಯೂ ಅಂತಾರಲ್ಲ, ಆ ಪದ. ಫ್ರೆಂಚ್‌ನಲ್ಲಿ ಅಣ್ಣತಮ್ಮಂದಿರ ಮಗನಿಗೂ ಅಕ್ಕತಂಗಿಯರ ಮಗನಿಗೂ ಒಂದೇ ಪದ, ನಮ್ಮಲ್ಲಿ ಮಗ ಬೇರೆ ಸೋದರಳಿಯ ಬೇರೆ, ಹಾಗಾಗಿ ಕನ್ನಡಕ್ಕೆ ತರೋರು ಯಾವುದಾದ್ರೂ ಒಂದನ್ನ ಆರಿಸ್ಕೊಳ್ಳೇಬೇಕು, ನಾನು ಮಗಳಿಗೆ ಸೋದರಳಿಯ ಅಂತಾನೇ ಹೇಳೋದು ಅಂತಿದೀನಿ. ಇದು ಕಲ್ಪನೆ ಅಂತ ನಂಗೂ ಗೊತ್ತು. ವರ್ನ್ ಲೆಕ್ಕದಲ್ಲಿ ಡಕ್ಕರ್ ಹುಟ್ಟೋ ಹೊತ್ತಿಗೆ 1799ರಲ್ಲಿ ಟಿಪ್ಪು ಸತ್ತು ಇಪ್ಪತ್ತು ವರ್ಷ ಆಗಿರುತ್ತೆ. ಟಿಪ್ಪು ಬಗ್ಗೆ ನಮ್ಮಲ್ಲಿ ಇವತ್ತಿರೋ ಜಗಳಾನ ದಯವಿಟ್ಟು ಕಾಮೆಂಟಿಗೆ ತರ್ಬೇಡಿ. ನಾನು ಹೇಳ್ತಿರೋದು ಇಷ್ಟೇ, ನಮ್ಮೂರಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಒಂದು ಕೋಟೆಯ ನೆನಪು ಫ್ರಾನ್ಸಿನಲ್ಲಿ ಕೂತ ಒಬ್ಬ ಲೇಖಕನ ನಾಯಕನಿಗೆ ವಂಶ ಕೊಟ್ಟಿತ್ತು, ನಾನು ಹತ್ತು ವರ್ಷ ಆ ನಾಯಕನನ್ನ ಪ್ರೀತಿಸಿ ಅವನನ್ನ ಯೂರೋಪಿನವನು ಅಂದ್ಕೊಂಡಿದ್ದೆ.

ಇದರ ಹಿಂದೆ ಇನ್ನೊಂದು ಕಥೆ. ವರ್ನ್ ಮೊದಲು ನೆಮೋನ ಪೋಲೆಂಡಿನವನಾಗಿ ಮಾಡ್ಬೇಕು ಅಂದ್ಕೊಂಡಿದ್ದ, ರಷ್ಯಾದ ವಿರುದ್ಧ 1863ರಲ್ಲಿ ದಂಗೆ ಎದ್ದು ಮನೆಯವರನ್ನ ಕಳ್ಕೊಂಡವನು. ಪ್ರಕಾಶಕ ಹೆಟ್ಜೆಲ್ ಬೇಡ ಅಂದ, ರಷ್ಯಾದಲ್ಲಿ ಪುಸ್ತಕ ಮಾರಾಟ ಆಗ್ಬೇಕಲ್ಲ. ಹಾಗಾಗಿ ಮೊದಲ ಪುಸ್ತಕದಲ್ಲಿ ದೇಶದ ಜಾಗ ಖಾಲಿ ಉಳೀತು. ಎರಡನೇ ಪುಸ್ತಕದಲ್ಲಿ ಅವನು ಭಾರತದವನಾದ, ಆಗ ಇಂಗ್ಲಿಷ್‌ನವರ ಸರದಿ. ಕಿಂಗ್‌ಸ್ಟನ್ ಹೆಸರಲ್ಲಿ ಬಂದ ಹಳೇ ಇಂಗ್ಲಿಷ್ ಅನುವಾದದಲ್ಲಿ ನೆಮೋನ ಹಿನ್ನೆಲೆಯ ಭಾಗಾನೇ ತಿದ್ದಿ, ಬ್ರಿಟಿಷರ ಮೇಲಿನ ಸಿಟ್ಟನ್ನ ಸಪ್ಪೆ ಮಾಡಿ, ದಂಗೆ ಎದ್ದವರದ್ದೇ ತಪ್ಪು ಅನ್ನೋ ಹಾಗೆ ಮಾಡಿಟ್ರು. ಸಬ್‌ಮರೀನ್ ಪುಸ್ತಕದ ಮೊದಲ ಇಂಗ್ಲಿಷ್ ಅನುವಾದದಲ್ಲಂತೂ ಸುಮಾರು ಐದರಲ್ಲೊಂದು ಭಾಗಾನೇ ಹಾರಿಸಿದ್ರು. ಅವೆರಡೇ ದಶಕಗಟ್ಲೆ ಎಲ್ಲಾ ಕಡೆ ಓಡಾಡಿದ್ದು. ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ ನಂಗೆ. ನಮ್ಮ ದೇಶದವನ ದುಃಖ ನಮಗೇ ತಲುಪೋಕೆ ಮೊದ್ಲು ಇಂಗ್ಲಿಷಲ್ಲಿ ಸೋಸ್ಕೊಂಡು ಬಂತು, ಅದನ್ನ ಮತ್ತೆ ಸಂಕ್ಷೇಪ ಮಾಡಿ ಮಕ್ಕಳ ಕೈಗೆ ಕೊಟ್ರು, ಉಳಿದಿದ್ದು ಒಂದು ಹಡಗು ಮತ್ತು ಒಂದು ದೈತ್ಯ ಆಕ್ಟೋಪಸ್.

ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ವಿಷ್ಯದಲ್ಲೂ ಇದೇ. 1898ರ ವಾರ್ ಆಫ್ ದ ವರ್ಲ್ಡ್ಸ್ ಅಂದ್ರೆ ಮಂಗಳ ಗ್ರಹದಿಂದ ಭೂಮಿ ಮೇಲೆ ದಾಳಿಗೆ ಬಂದವರ ಮೂರು ಕಾಲಿನ ಯಂತ್ರ ಎಲ್ರಿಗೂ ಗೊತ್ತು. ಮೊದಲ ಅಧ್ಯಾಯದಲ್ಲೇ ಅವನು, ಮಂಗಳದವರನ್ನ ಕ್ರೂರಿಗಳು ಅನ್ನೋ ಮೊದಲು ಆಸ್ಟ್ರೇಲಿಯಾ ಪಕ್ಕದ ಟಾಸ್ಮೇನಿಯಾ ದ್ವೀಪದ ಮೂಲ ಜನಕ್ಕೆ ನಾವೇನು ಮಾಡಿದ್ವಿ ನೆನಪಿಸ್ಕೊಳ್ಳಿ ಅಂತ ತನ್ನದೇ ಇಂಗ್ಲೆಂಡಿನ ಓದುಗರಿಗೆ ಕೇಳ್ತಾನೆ, ಅದು ಎಷ್ಟು ಜನಕ್ಕೆ ನೆನಪಿದೆ?

ಅದಕ್ಕೇ ಈ ಹಳೇ ಕಥೆಗಳನ್ನ ಮಕ್ಕಳಿಗೆ ಕೊಡೋವಾಗ ಕತ್ತರಿಸ್ದೇ ಕೊಡಿ ಅಂತ ಕೈ ಮುಗಿದು ಕೇಳ್ಕೋತೀನಿ. ಮೀನಿನ ಪಟ್ಟಿ ಬೋರು, ರಾಜಕೀಯ ಮಕ್ಕಳಿಗ್ಯಾಕೆ ಅನ್ಬೇಡಿ. ಮೀನಿನ ಪಟ್ಟಿ ಓದುವಾಗ ನನ್ನ ಮಗಳು ಪ್ರತಿ ಹೆಸರಿಗೂ ಬಣ್ಣ ಕೇಳ್ತಾಳೆ. ಫೋನಲ್ಲಿ ಫೋಟೋ ಹುಡುಕಿ ತೋರಿಸ್ಬೇಕು, ಒಂದು ಪೇಜಿಗೆ ಅರ್ಧ ಗಂಟೆ. ಹೋಗ್ಲಿ ಬಿಡಿ, ನಾವೇನು ಪರೀಕ್ಷೆಗೆ ಓದ್ತಿದೀವಾ.

ನಿನ್ನೆ ಮುತ್ತಿನ ಭಾಗ ಓದಿದ್ದು. ಅವಳಿನ್ನೂ ನೆಮೋ ಯಾವ ದೇಶದವನು ಅಂತ ತಿಳ್ಕೊಂಡಿಲ್ಲ, ನಾನು ಹೇಳೂ ಇಲ್ಲ, ಅದು ಎರಡನೇ ಪುಸ್ತಕದಲ್ಲಿ ಅವಳಿಗೇ ಸಿಗ್ಬೇಕು. ಸುಮ್ನೆ ಮಲ್ಕೊಂಡು ಸೂರು ನೋಡ್ತಿದ್ದವಳು ಇದ್ದಕ್ಕಿದ್ದ ಹಾಗೆ ಕೇಳಿದ್ಲು, ಅಪ್ಪಾ, ಆ ಚೀಲದ ಮುತ್ತು ಅವ್ನ ಹತ್ರಾನೇ ಉಳೀತಾ ಇಲ್ಲಾ ದಡದಲ್ಲಿ ಸಾಹೇಬ್ರು ಯಾರಾದ್ರೂ ಕಿತ್ಕೊಂಡ್ರಾ? ವರ್ನ್ ಅದನ್ನ ಬರೆದಿಲ್ಲ. ಗೊತ್ತಿಲ್ಲ ಪುಟ್ಟಾ, ನೀನೇ ಹೇಳು ಅಂದೆ. ತುಂಬಾ ಹೊತ್ತು ಯೋಚನೆ ಮಾಡಿ, ಅವ್ನು ಅದನ್ನ ಮರಳಲ್ಲಿ ಹೂತಿಟ್ಟು ಬರೀ ಕೈಯಲ್ಲಿ ಮನೆಗೆ ಹೋದ, ರಾತ್ರಿ ಹೆಂಡ್ತಿ ಜೊತೆ ಬಂದು ತಗೊಂಡ್ಹೋದ ಅಂದ್ಲು.