ಬಜೆಟ್ ಕಡಿಮೆ ಅಂತ ಮಾರ್ಕ್ಸ್ ಕೊಡಬೇಡಿ, ಅದೇ ಕಾರಣಕ್ಕೆ ಕಳೆಯಲೂ ಬೇಡಿ

ಕಡಿಮೆ ಬಜೆಟ್ಟಿನ ಸೈ-ಫೈ (ವಿಜ್ಞಾನದ ಕಲ್ಪನೆ ಬೆರೆತ) ಆಕ್ಷನ್ ಸಿನಿಮಾ ನೋಡಿದ ಮೇಲೆ ಅದರ ಬಗ್ಗೆ ಜನ ಏನು ಬರೆದಿದ್ದಾರೆ ಅಂತ ಓದದೆ ನಾನು ಬಿಡುವುದಿಲ್ಲ. ಈ ಬಗೆಯ ಸಿನಿಮಾಗಳಿಗೆ ಸಿಗುವ ಅಭಿಪ್ರಾಯಗಳೇ ಒಂಥರಾ ವಿಚಿತ್ರ. ಹತ್ತಕ್ಕೆ ಹತ್ತು ಕೊಟ್ಟವರು ಒಂದಷ್ಟು ಜನ. ಹತ್ತಕ್ಕೆ ಒಂದು ಕೊಟ್ಟವರು ಇನ್ನೊಂದಷ್ಟು ಜನ. ಐದೋ ಆರೋ ಕೊಟ್ಟು, ಯಾಕೆ ಅಂತ ನಾಲ್ಕು ಸಾಲು ಬರೆದವರನ್ನು ಹುಡುಕಬೇಕು.

ಒಂದು ಕೊಟ್ಟವರ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: ಗ್ರಾಫಿಕ್ಸ್ ಹಳೇ ವಿಡಿಯೋ ಗೇಮ್ ಥರ ಇದೆ, ಹತ್ತು ನಿಮಿಷಕ್ಕೆ ಆಫ್ ಮಾಡಿದೆ. ಹತ್ತು ಕೊಟ್ಟವರ ಮಾತು: ಇಷ್ಟು ಕಡಿಮೆ ದುಡ್ಡಲ್ಲಿ ಇಷ್ಟು ಮಾಡಿದ್ದಾರಲ್ಲ, ಬೆನ್ನು ತಟ್ಟಲೇಬೇಕು. ನನಗೆ ಎರಡೂ ಒಪ್ಪಿಗೆ ಆಗುವುದಿಲ್ಲ. ಇಬ್ಬರೂ ನೋಡಿದ್ದು ಖರ್ಚನ್ನು. ಕಥೆ ಏನು ಮಾಡಲು ಹೊರಟಿತ್ತು, ಅದು ಆಯಿತೋ ಇಲ್ಲವೋ ಅನ್ನುವುದು ಎರಡರಲ್ಲೂ ಇಲ್ಲ.

ಗ್ರಾಫಿಕ್ಸ್ ದೂರಿನಿಂದಲೇ ಶುರು ಮಾಡೋಣ, ಯಾಕಂದ್ರೆ ಜಾಸ್ತಿ ಬರುವುದು ಅದೇ. ಗ್ರಾಫಿಕ್ಸ್ ಕೆಟ್ಟದಾಗಿದೆ ಅಂತ ನೋಡುಗನಿಗೆ ಅನ್ನಿಸಿದರೆ ಅದು ಸುಳ್ಳಲ್ಲ. ಕಣ್ಣಿಗೆ ಏನೋ ಕುಟುಕಿದೆ. ಆದರೆ ಕುಟುಕಿದ್ದು ಬಹಳ ಸಲ ಗ್ರಾಫಿಕ್ಸೇ ಆಗಿರುವುದಿಲ್ಲ. ಕತ್ತಲೆಯ ಕಾರಿಡಾರಿನಲ್ಲಿ ಗುಂಡಿನ ಕಾಳಗ ನಡೆಯುವ ದೃಶ್ಯವನ್ನು ನೆನಪಿಸಿಕೊಳ್ಳಿ. ಇಂಥ ಸಿನಿಮಾಗಳಲ್ಲಿ ಅದು ಇದ್ದೇ ಇರುತ್ತದೆ. ಸೆಟ್ಟಿನಲ್ಲಿ ಇರುವುದು ಆಟಿಕೆ ಬಂದೂಕು. ಅದರ ನಳಿಗೆಯ ಬಾಯಿಂದ ಬರುವ ಬೆಂಕಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಂಟಿಸುತ್ತಾರೆ. ಬೆಂಕಿಯ ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಕತ್ತಲಲ್ಲಿ ಅಷ್ಟು ದೊಡ್ಡ ಬೆಳಕು ಮಿಂಚಿದಾಗ ಗುಂಡು ಹೊಡೆದವನ ಕೆನ್ನೆ ಬೆಳಗುವುದಿಲ್ಲ. ಪಕ್ಕದ ಗೋಡೆ ಬೆಳಗುವುದಿಲ್ಲ. ಬಂದೂಕು ಹಿಂದಕ್ಕೆ ಒದೆಯುವುದಿಲ್ಲ, ಅವನ ಭುಜ ಅಲುಗುವುದಿಲ್ಲ. ಎದುರಿನ ಗೋಡೆಯಿಂದ ಒಂದು ಚೂರು ಗಾರೆ ಉದುರುವುದಿಲ್ಲ. ನಮ್ಮ ಕಣ್ಣು ಇದನ್ನೆಲ್ಲ ಒಂದೇ ಕ್ಷಣದಲ್ಲಿ ಲೆಕ್ಕ ಹಾಕಿ ಸುಳ್ಳು ಅಂತ ತೀರ್ಪು ಕೊಟ್ಟುಬಿಡುತ್ತದೆ. ಬಾಯಿಗೆ ಬರುವ ಮಾತು ಮಾತ್ರ, ಗ್ರಾಫಿಕ್ಸ್ ಸರಿ ಇಲ್ಲ.

ಇದಕ್ಕೆ ಪರಿಹಾರ ದುಡ್ಡಲ್ಲ. ಗುಂಡು ಹೊಡೆಯುವ ಹೊತ್ತಿಗೆ ಕ್ಯಾಮೆರಾದ ಪಕ್ಕದಲ್ಲಿ ಒಬ್ಬರು ಎಲ್‌ಇಡಿ ಲೈಟ್ ಹಿಡಿದು ಮಿನುಗಿಸಿದರೆ ಕೆನ್ನೆಯೂ ಬೆಳಗುತ್ತದೆ, ಗೋಡೆಯೂ ಬೆಳಗುತ್ತದೆ. ನಟನಿಗೆ ಭುಜ ಅಲುಗಿಸಲು ಹೇಳಿಕೊಡುವುದಕ್ಕೆ ಖರ್ಚೇ ಇಲ್ಲ. ಶೂಟಿಂಗಿನ ದಿನವೇ ಇದನ್ನು ಯೋಚಿಸಿರಬೇಕು ಅಷ್ಟೆ. ಆಮೇಲೆ ಸರಿ ಮಾಡಿಕೊಳ್ಳೋಣ ಅಂತ ಬಿಟ್ಟಿದ್ದು ಆಮೇಲೆ ಸರಿಯಾಗುವುದಿಲ್ಲ. ಸಣ್ಣ ತಂಡದ ಬಗ್ಗೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ಬಜೆಟ್ ಇಲ್ಲದ್ದಕ್ಕೆ ನನಗೇನೂ ಬೇಸರವಿಲ್ಲ.

ತೂಕದ ವಿಷಯವೂ ಹೀಗೆಯೇ. ಎರಡಂತಸ್ತಿನಷ್ಟು ಎತ್ತರದ ರೋಬೋ ಹೆಜ್ಜೆ ಇಟ್ಟರೆ ನೆಲದಿಂದ ದೂಳು ಏಳಬೇಕು. ಹೆಜ್ಜೆ ನಿಧಾನವಾಗಿ ಬೀಳಬೇಕು. ದೊಡ್ಡ ವಸ್ತು ಸರಕ್ಕನೆ ಚಲಿಸಿದರೆ ಆಟಿಕೆಯಂತೆ ಕಾಣುತ್ತದೆ. ಹಿಂದೆ ಪುಟ್ಟ ಮಾದರಿಗಳನ್ನು ಇಟ್ಟು ಕಟ್ಟಡ ಉರುಳಿಸುವ ದೃಶ್ಯ ತೆಗೆಯುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸೆಕೆಂಡಿಗೆ 24 ಚಿತ್ರಗಳ ಬದಲು ಮೂರು ನಾಲ್ಕು ಪಟ್ಟು ಜಾಸ್ತಿ ವೇಗದಲ್ಲಿ ತೆಗೆದು, ಮಾಮೂಲಿ ವೇಗದಲ್ಲಿ ಓಡಿಸುತ್ತಿದ್ದರು. ಆಗ ಅಂಗೈಯಗಲದ ಗೋಡೆ ಬಿದ್ದರೂ ದೊಡ್ಡ ಕಟ್ಟಡ ಬಿದ್ದ ಹಾಗೆ ಕಾಣುತ್ತಿತ್ತು.

ಇನ್ನು ನೋಡುಗರು ಎಷ್ಟು ಉದಾರಿಗಳು ಅನ್ನುವುದಕ್ಕೆ, ಭವಿಷ್ಯದಿಂದ ಕೊಲ್ಲಲು ಬಂದ ಯಂತ್ರದ ಕಥೆ ಹೇಳುವ 1984ರ 'ದಿ ಟರ್ಮಿನೇಟರ್' ನೋಡಿ. ಜೇಮ್ಸ್ ಕ್ಯಾಮರೂನ್ ಅದನ್ನು ಸುಮಾರು 64 ಲಕ್ಷ ಡಾಲರಿನಲ್ಲಿ ಮಾಡಿದರು. ಆ ಕಾಲದ ಹಾಲಿವುಡ್ಡಿಗೂ ಅದು ಸಣ್ಣ ಮೊತ್ತವೇ. ಕೊನೆಯಲ್ಲಿ ಉರಿದುಹೋದ ಟ್ಯಾಂಕರಿನಿಂದ ಲೋಹದ ಅಸ್ಥಿಪಂಜರ ಎದ್ದು ಕುಂಟುತ್ತಾ ಬರುತ್ತದಲ್ಲ, ಅದರ ಕೆಲವು ಶಾಟ್‌ಗಳು ಸ್ಟಾಪ್ ಮೋಷನ್. ಅಂದ್ರೆ ಬೊಂಬೆಯನ್ನು ಇಷ್ಟಿಷ್ಟೇ ಸರಿಸಿ ಒಂದೊಂದೇ ಚಿತ್ರ ತೆಗೆದದ್ದು. ಇವತ್ತು ನೋಡಿದರೆ ಅದು ತಡವರಿಸುವುದು ಎದ್ದು ಕಾಣುತ್ತದೆ. ಆದರೂ ಎದೆ ಹೊಡೆದುಕೊಳ್ಳುತ್ತದೆ! ಯಾಕೆ? ಅಷ್ಟು ಹೊತ್ತಿಗೆ ಸಿನಿಮಾ ನಮಗೆ ಒಂದು ನಿಯಮವನ್ನು ಮನದಟ್ಟು ಮಾಡಿಸಿರುತ್ತದೆ. ಇದು ನಿಲ್ಲುವುದಿಲ್ಲ, ಇದಕ್ಕೆ ಕರುಣೆ ಇಲ್ಲ. ಪ್ರತಿ ಹೊಡೆದಾಟವೂ ಆ ನಿಯಮವನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡೇ ಬಂದಿರುತ್ತದೆ. ಭವಿಷ್ಯದ ಯುದ್ಧವನ್ನು ಕೆಲವೇ ನಿಮಿಷ ತೋರಿಸಿ, ಉಳಿದದ್ದನ್ನು ಲಾಸ್ ಏಂಜಲೀಸ್‌ನ ರಾತ್ರಿ ಬೀದಿಗಳಲ್ಲಿ ಮುಗಿಸಿದ್ದಾರೆ. ಯಂತ್ರ ನೋಡಲು ಮನುಷ್ಯನ ಹಾಗೆಯೇ ಇದೆ ಅನ್ನುವ ಒಂದೇ ಯೋಚನೆ ಖರ್ಚನ್ನೂ ಉಳಿಸಿತು, ಹೆದರಿಕೆಯನ್ನೂ ಹೆಚ್ಚಿಸಿತು.

ನಾನು ಹೇಳಬೇಕು ಅಂದುಕೊಂಡಿರುವ ಮುಖ್ಯ ವಿಷಯ ಇದೇ. ಸೈ-ಫೈ ಆಕ್ಷನ್ ಅಂದ ಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ. ಹೊಡೆದಾಟದಿಂದ ವಿಜ್ಞಾನದ ಎಳೆಯನ್ನು ಕಿತ್ತು ಹಾಕಿದರೆ, ಆ ಹೊಡೆದಾಟ ಹಾಗೆಯೇ ಉಳಿಯುತ್ತದಾ? ಉಳಿದರೆ ಸಿನಿಮಾ ಸೋತಿದೆ ಅಂತಲೇ ನನ್ನ ಲೆಕ್ಕ. ನಿಜವಾಗಿ ಬೇಸರ ತರಿಸುವ ಸಿನಿಮಾಗಳನ್ನು ಗಮನಿಸಿ. ಮೊದಲ ಅರ್ಧದಲ್ಲಿ ಬಿಳಿ ಕೋಟು ಹಾಕಿದ ಇಬ್ಬರು ಕಾಲಯಂತ್ರದ ಬಗ್ಗೆ ಮಾತಾಡುತ್ತಲೇ ಇರುತ್ತಾರೆ. ಎರಡನೇ ಅರ್ಧದಲ್ಲಿ ಖಾಲಿ ಗೋಡೌನಿನಲ್ಲಿ ಕಪ್ಪು ಬಟ್ಟೆಯವರು ಗುಂಡು ಹಾರಿಸುತ್ತಾರೆ. ಕಾಲಯಂತ್ರದ ಜಾಗದಲ್ಲಿ ಕಳ್ಳಸಾಗಣೆಯ ಚಿನ್ನ ಇಟ್ಟರೂ ಆ ಗೋಡೌನಿನ ಫೈಟ್ ಒಂದಿಂಚೂ ಬದಲಾಗುವುದಿಲ್ಲ. ಕಾಲವನ್ನೇ ಹಿಂದಕ್ಕೆ ತಿರುಗಿಸಬಲ್ಲ ಮನುಷ್ಯ ಗುಂಡು ತಪ್ಪಿಸಿಕೊಳ್ಳಲು ಡ್ರಮ್ಮಿನ ಹಿಂದೆ ಯಾಕೆ ಕೂರುತ್ತಾನೆ? ನೋಡುಗನ ಒಳಗಿನ ಅಸಮಾಧಾನ ಇದೇ. ಅವನು ಬರೆಯುವಾಗ ಮಾತ್ರ ಗ್ರಾಫಿಕ್ಸ್ ಅಂತ ಬರೆಯುತ್ತಾನೆ, ಕೈಗೆ ಸುಲಭವಾಗಿ ಸಿಗುವ ಪದ ಅದು.

ವಿಜ್ಞಾನ, ಹೊಡೆದಾಟ ಎರಡೂ ಕೂಡಿಬಂದರೆ ಹೇಗಿರುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟದ ಉದಾಹರಣೆ 2018ರ 'ಅಪ್‌ಗ್ರೇಡ್'. ಲೀ ವಾನೆಲ್ ನಿರ್ದೇಶನ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸಣ್ಣ ಬಜೆಟ್ಟಿನಲ್ಲಿ ತೆಗೆದದ್ದು. ಕತ್ತಿನ ಕೆಳಗೆ ಸ್ವಾಧೀನ ತಪ್ಪಿದವನ ಬೆನ್ನುಹುರಿಗೆ ಒಂದು ಚಿಪ್ ಕೂರಿಸುತ್ತಾರೆ. ಅವನು ಅನುಮತಿ ಕೊಟ್ಟರೆ ಚಿಪ್ಪೇ ಮೈಯನ್ನು ಓಡಿಸುತ್ತದೆ. ಮೊದಲ ಹೊಡೆದಾಟದಲ್ಲಿ ಅವನ ಕೈಕಾಲು ಯಂತ್ರದ ಹಾಗೆ ಕರಾರುವಾಕ್ಕಾಗಿ ಹೊಡೆಯುತ್ತವೆ. ಮುಖ ಮಾತ್ರ ಗಾಬರಿಯಲ್ಲಿದೆ. ತನ್ನ ಕೈ ಏನು ಮಾಡುತ್ತಿದೆ ಅಂತ ಅವನೇ ಬೆರಗಾಗಿ ನೋಡುತ್ತಿದ್ದಾನೆ. ಮೈ ಒಬ್ಬರದು, ಮುಖ ಇನ್ನೊಬ್ಬರದು. ಇಡೀ ಸಿನಿಮಾದ ವಿಜ್ಞಾನ ಆ ಒಂದು ಹೊಡೆದಾಟದಲ್ಲೇ ಇದೆ. ನಟನ ಮೈಗೆ ಒಂದು ಫೋನ್ ಕಟ್ಟಿ, ಅದರ ಚಲನೆಗೆ ಸರಿಯಾಗಿ ಕ್ಯಾಮೆರಾ ತಿರುಗುವಂತೆ ಮಾಡಿದ್ದರು. ಅವನು ಬಿದ್ದರೆ ಚೌಕಟ್ಟೂ ಅವನ ಜತೆಗೇ ವಾಲುತ್ತದೆ. ಅವನು ಮಧ್ಯದಲ್ಲೇ ಕೂತಿರುತ್ತಾನೆ, ಸುತ್ತಲಿನ ಕೋಣೆ ತಿರುಗುತ್ತದೆ. ಅದನ್ನು ನೋಡುವಾಗ ಬಜೆಟ್ ಎಷ್ಟು ಅನ್ನುವ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

1979ರ 'ಮ್ಯಾಡ್ ಮ್ಯಾಕ್ಸ್' ಕೂಡ ಇದೇ ಸಾಲಿನದು. ಆಸ್ಪತ್ರೆಯಲ್ಲಿ ಡಾಕ್ಟರಾಗಿ ಅಪಘಾತದ ಗಾಯಾಳುಗಳನ್ನು ನೋಡಿದ್ದ ಜಾರ್ಜ್ ಮಿಲ್ಲರ್ ಅವರ ಮೊದಲ ಕಥಾಚಿತ್ರ ಅದು. ಖರ್ಚು 4 ಲಕ್ಷ ಆಸ್ಟ್ರೇಲಿಯನ್ ಡಾಲರ್ ಆಸುಪಾಸು. ಶುರುವಿನ ಚೇಸಿನಲ್ಲಿ ನುಚ್ಚುನೂರಾಗುವ ವ್ಯಾನು ಮಿಲ್ಲರ್ ಅವರದ್ದೇ. ಸಮಾಜ ಕುಸಿಯುತ್ತಿದೆ ಅಂತ ತೋರಿಸಲು ಅವರು ನಗರಗಳನ್ನು ಸುಡಲಿಲ್ಲ. ಖಾಲಿ ರಸ್ತೆ, ಪಾಳುಬಿದ್ದ ಪೊಲೀಸ್ ಕಟ್ಟಡ, ಹುಚ್ಚು ವೇಗ. ಅಷ್ಟೇ ಸಾಕಾಯಿತು.

ಈಗ ಹತ್ತಕ್ಕೆ ಹತ್ತು ಕೊಡುವವರ ವಿಷಯ. ಹೊಸ ತಂಡ, ಪ್ರೋತ್ಸಾಹ ಕೊಡಿ ಅನ್ನುವ ಮಾತಿನಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ಕನಿಕರದಿಂದ ಕೊಟ್ಟ ಮಾರ್ಕ್ಸಿನಿಂದ ಆ ತಂಡಕ್ಕೇ ನಷ್ಟ. ಬರವಣಿಗೆ ಸಡಿಲ ಇದೆ ಅಂತ ಯಾರೂ ಹೇಳದಿದ್ದರೆ ಮುಂದಿನ ಸಲವೂ ಅದೇ ಸಡಿಲ ಬರವಣಿಗೆ ಬರುತ್ತದೆ. ಬರವಣಿಗೆಗೆ ಬೇಕಾದ್ದು ಪೇಪರು, ಪೆನ್ನು, ತಿಂಗಳುಗಟ್ಟಲೆ ತಾಳ್ಮೆ. ಕಡಿಮೆ ಬಜೆಟ್ ಅನ್ನುವ ನೆಪ ಅಲ್ಲಿಗೆ ಮುಟ್ಟುವುದೇ ಇಲ್ಲ. ಮೂಲೆಯ ಸೆಟ್ಟು, ಅಪರಿಚಿತ ಮುಖಗಳು, ನಾಲ್ಕೇ ಪಾತ್ರಗಳು, ಇವನ್ನೆಲ್ಲ ನಾನು ಖುಷಿಯಿಂದ ಒಪ್ಪಿಕೊಳ್ಳುತ್ತೇನೆ. ಅರ್ಧ ಬೆಂದ ಕಥೆಯನ್ನು ಮಾತ್ರ ಒಪ್ಪುವುದಿಲ್ಲ. ಮತ್ತೆ ಆ ಹತ್ತು ಮಾರ್ಕ್ಸ್ ನಂಬಿ ಎರಡು ಗಂಟೆ ಕೂತವನು ಮುಂದೆ ಸಣ್ಣ ಸಿನಿಮಾ ಅಂದ್ರೆ ಹತ್ತಿರವೂ ಬರುವುದಿಲ್ಲ. ನಿಜವಾಗಿ ಚೆನ್ನಾಗಿರುವ ಇನ್ನೊಂದು ಸಣ್ಣ ಸಿನಿಮಾಕ್ಕೆ ಹೊಡೆತ ಬೀಳುವುದು ಹೀಗೆ.

ಪೋಸ್ಟರ್ ಬಗ್ಗೆ ಜನ ರೇಗುವುದು ಮಾತ್ರ ನೂರಕ್ಕೆ ನೂರು ಸರಿ. ಪೋಸ್ಟರಿನಲ್ಲಿ ಉರಿಯುವ ನಗರ, ಮೇಲೆ ಆಕಾಶ ತುಂಬಿದ ನೌಕೆ, ಕೆಳಗೆ ಸೈನ್ಯ. ಸಿನಿಮಾದಲ್ಲಿ ನೆಲಮಾಳಿಗೆಯಲ್ಲಿ ಮೂರು ಜನ. ನೆಲಮಾಳಿಗೆಯ ಮೂರು ಜನರ ಕಥೆ ಅಂತಲೇ ಹೇಳಿದ್ದರೆ ಅದನ್ನು ಇಷ್ಟಪಟ್ಟು ನೋಡುವವರು ಬೇಕಾದಷ್ಟು ಜನ ಇದ್ದಾರೆ. 2010ರ 'ಮಾನ್‌ಸ್ಟರ್ಸ್' ಇದಕ್ಕೆ ಒಳ್ಳೆಯ ಸಾಕ್ಷಿ. ಗ್ಯಾರೆತ್ ಎಡ್ವರ್ಡ್ಸ್ ಅದನ್ನು ಕೈಬೆರಳೆಣಿಕೆಯ ತಂಡದೊಂದಿಗೆ, 5 ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ತೆಗೆದು, ದೃಶ್ಯಗಳ ಗ್ರಾಫಿಕ್ಸನ್ನು ತಾವೇ ಕೂತು ಮಾಡಿದರು. ಅದು ಇಬ್ಬರು ಜತೆಯಾಗಿ ಮಾಡುವ ಪ್ರಯಾಣದ ಕಥೆ. ಹೆಸರು ನೋಡಿ ರಾಕ್ಷಸ ಜೀವಿಗಳ ಕಾಳಗಕ್ಕೆ ಅಂತ ಬಂದವರು, ಜೀವಿಗಳೇ ಕಾಣಲಿಲ್ಲವಲ್ಲ ಅಂತ ಬೈದರು. ಪ್ರಯಾಣಕ್ಕೆ ಮನಸ್ಸು ಕೊಟ್ಟವರು ಹೊಗಳಿದರು. ಸಿನಿಮಾ ಒಂದೇ, ಕಾದು ಕೂತಿದ್ದು ಬೇರೆ ಬೇರೆ.

ಇತ್ತೀಚೆಗೆ ಇನ್ನೊಂದು ವಾದ ಜಾಸ್ತಿ ಕೇಳಿಸುತ್ತಿದೆ. 2023ರ 'ಗಾಡ್ಜಿಲ್ಲಾ ಮೈನಸ್ ಒನ್' ಒಂದೂವರೆ ಕೋಟಿ ಡಾಲರಿಗಿಂತ ಕಡಿಮೆಯಲ್ಲಿ ಆಯಿತು, ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಕೂಡ ಗೆದ್ದಿತು, ನಿಮಗೇನು ಕಷ್ಟ ಅಂತ. ಆ ಸಿನಿಮಾ ನನಗೂ ಅಚ್ಚುಮೆಚ್ಚು. ಆದರೆ ಅದನ್ನು ಕೋಲು ಮಾಡಿಕೊಂಡು ಸಣ್ಣವರಿಗೆ ಹೊಡೆಯುವುದು ನ್ಯಾಯವಲ್ಲ. ನಿಜವಾಗಿ ಕಡಿಮೆ ಬಜೆಟ್ಟಿನಲ್ಲಿ ಒದ್ದಾಡುವವರಿಗೆ ಒಂದೂವರೆ ಕೋಟಿ ಡಾಲರ್ ಅಂದ್ರೆ ಕನಸಿನ ಮಾತು. ಅಲ್ಲಿಂದ ಕಲಿಯಬೇಕಾದ್ದು ಬೇರೆ ಇದೆ. ನಿರ್ದೇಶಕ ತಕಾಶಿ ಯಮಾಜಾಕಿಯವರೇ ಎಫೆಕ್ಟ್ಸ್ ಉಸ್ತುವಾರಿ. 35 ಜನರ ತಂಡ, 610 ಶಾಟ್‌ಗಳು. ಏನು ಸಾಧ್ಯ, ಏನು ಸಾಧ್ಯವಿಲ್ಲ ಅಂತ ಬಲ್ಲವರೇ ಕಥೆ ಬರೆದು ಶಾಟ್ ಕಟ್ಟಿದ್ದಾರೆ. ಆ ಅಭ್ಯಾಸ ಎಷ್ಟೇ ಸಣ್ಣ ತಂಡಕ್ಕೂ ಸಾಧ್ಯ.

ಧ್ವನಿಯ ಬಗ್ಗೆ ಯಾರೂ ಬರೆಯುವುದಿಲ್ಲ ಅನ್ನುವುದು ನನ್ನ ದೊಡ್ಡ ಕೊರಗು. ಮಾತು ಖಾಲಿ ಕೋಣೆಯಲ್ಲಿ ಆಡಿದಂತೆ ಕೇಳಿಸಿದರೆ ಚಿತ್ರವೂ ಅಗ್ಗವಾಗಿ ಕಾಣತೊಡಗುತ್ತದೆ. ಕಬ್ಬಿಣದ ಬಾಗಿಲು ಮುಚ್ಚುವಾಗ ಅದರ ಭಾರ ಕಿವಿಗೆ ತಟ್ಟಿದರೆ, ಬಾಗಿಲು ಪ್ಲೈವುಡ್ಡಿನದ್ದು ಅಂತ ಕಣ್ಣಿಗೆ ಅನುಮಾನವೇ ಬರುವುದಿಲ್ಲ.

ಇನ್ನು ಇಪ್ಪತ್ತು ಸೆಕೆಂಡಿನ ತುಣುಕು ಕತ್ತರಿಸಿ, ನಗುವ ಇಮೋಜಿ ಹಾಕಿ ಹಂಚುವವರಿದ್ದಾರಲ್ಲ, ಅವರ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಇದು ತಪ್ಪು. ಆ ತುಣುಕಿನ ಹಿಂದೆಮುಂದೆ ಏನಿತ್ತು ಅಂತ ಗೊತ್ತಿಲ್ಲದವರೆಲ್ಲ ಹೋಗಿ ಒಂದು ಮಾರ್ಕ್ಸ್ ಒತ್ತಿ ಬರುತ್ತಾರೆ. ಸಿನಿಮಾ ಪೂರ್ತಿ ನೋಡಿ ಬೈಯಿರಿ, ಎಷ್ಟು ಬೇಕಾದರೂ ಬೈಯಿರಿ. ನೋಡದೆ ಬೈಯುವ ಹಕ್ಕು ಯಾರಿಗೂ ಇಲ್ಲ.

ಒಮ್ಮೆ ಇಂಥದ್ದೊಂದು ಸಿನಿಮಾದ ಬಗ್ಗೆ ಯಾರೋ ಬರೆದ ಎರಡು ಸಾಲು ಓದಿದ್ದೆ. ಲಿಫ್ಟಿನೊಳಗಿನ ಫೈಟ್ ತನಕ ನಾನು ಸಿನಿಮಾದ ಒಳಗಿದ್ದೆ, ರೋಬೋ ಮೊಣಕೈಯಿಂದ ಗುದ್ದಿದಾಗ ಲಿಫ್ಟ್ ಒಂಚೂರೂ ಅಲುಗಲಿಲ್ಲ, ಅಲ್ಲಿ ಹೊರಗೆ ಬಂದೆ ಅನ್ನುವ ಅರ್ಥದ ಮಾತು. ಬೈಗುಳ ಇಲ್ಲ, ಹೊಗಳಿಕೆ ಇಲ್ಲ. ಆದರೆ ಮುಂದಿನ ಸಿನಿಮಾ ತೆಗೆಯುವ ಹುಡುಗನಿಗೆ ಆ ಎರಡು ಸಾಲಿನಷ್ಟು ಉಪಯೋಗ ನೂರು ಸ್ಟಾರ್‌ನಿಂದಲೂ ಆಗುವುದಿಲ್ಲ.

ನೀವು ನೋಡಿದ ಕಡಿಮೆ ಬಜೆಟ್ಟಿನ ಸೈ-ಫೈ ಆಕ್ಷನ್ ಸಿನಿಮಾ ಯಾವುದಾದರೂ ಇದ್ದರೆ ಕೆಳಗೆ ಬರೆಯಿರಿ. ಸುಮ್ನೆ ಚೆನ್ನಾಗಿದೆ, ಡಬ್ಬಾ ಅಂತ ಬೇಡ. ಯಾವ ದೃಶ್ಯದಲ್ಲಿ ಅದು ನಿಮ್ಮನ್ನು ಹಿಡಿಯಿತು, ಯಾವ ದೃಶ್ಯದಲ್ಲಿ ಬಿಟ್ಟಿತು, ಅದನ್ನು ಬರೆಯಿರಿ. ನಾನು ನೋಡದೇ ಇರುವುದು ಸಿಕ್ಕರೆ ಈ ವಾರವೇ ನೋಡುತ್ತೇನೆ.