ಮೊದಲು ಬಾಗಿಲು ಹಾಕಿ

ನಿನ್ನೆ ಸಂಜೆ ಗೆಳತಿಯ ಮನೆಯಲ್ಲಿ ಕಂಡದ್ದು ರಾತ್ರಿಯೆಲ್ಲ ನಿದ್ದೆ ಕೆಡಿಸಿತು. ಹೊಸ ಬೆಕ್ಕಿನ ಮರಿ ತಂದಿದ್ದರು. ಆರು ವರ್ಷದಿಂದ ಆ ಮನೆ ಆಳುತ್ತಿರುವ ಬೆಕ್ಕಿನ ಮೂತಿಯ ಮುಂದೆಯೇ ಬುಟ್ಟಿ ಇಟ್ಟು ಮುಚ್ಚಳ ತೆಗೆದರು. ಹಳೆಯದು ಬಾಲ ಉಬ್ಬಿಸಿ, ಕಿವಿ ತಲೆಗೆ ಅಂಟಿಸಿಕೊಂಡು ಬುಸ್ಸೆಂದಿತು. ಮರಿ ಸೋಫಾ ಕೆಳಗೆ ನುಗ್ಗಿ ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಸುತ್ತ ನಿಂತವರೆಲ್ಲ ವಿಡಿಯೊ ಮಾಡುತ್ತಾ ನಗುತ್ತಿದ್ದರು. "ಎರಡು ದಿನ ಕಚ್ಚಾಡ್ತವೆ, ಆಮೇಲೆ ತಾವೇ ಸರಿಹೋಗ್ತವೆ ಬಿಡಿ."

ನಮಗೆ ಚೆಲ್ಲಾಟ, ಅವಕ್ಕೆ ಪ್ರಾಣಸಂಕಟ.

ಈ "ತಾವೇ ಸರಿಹೋಗ್ತವೆ" ಅನ್ನೋ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಯಾಕಂದ್ರೆ ಅದನ್ನು ನಂಬಿ ಕೆಟ್ಟವಳು ನಾನು. ಹೊಸ ಬೆಕ್ಕು ಗುಂಡನನ್ನು ತಂದ ದಿನವೇ ಮನೆಯ ಹಳೆಯ ಬೆಕ್ಕು ಚಿನ್ನಿಯ ಎದುರು ಬಿಟ್ಟೆ. ಅವಳು ಬೀರುವಿನ ಮೇಲೆ ಹತ್ತಿದವಳು ಇಳಿಯಲೇ ಇಲ್ಲ. ಮೂರನೇ ದಿನ ಮತ್ತೆ ಮತ್ತೆ ಲಿಟರ್ ಟ್ರೇಗೆ, ಅಂದರೆ ಬೆಕ್ಕಿನ ಶೌಚದ ತಟ್ಟೆಗೆ, ಹೋಗಿ ಕೂರೋಳು, ಬರ್ತಿದ್ದದ್ದು ಎರಡೇ ಹನಿ, ಅದರಲ್ಲೂ ರಕ್ತ. ಮೂತ್ರಕೋಶ ಊದಿಕೊಂಡಿದೆ, ಬೆಕ್ಕುಗಳಿಗೆ ಒತ್ತಡದಿಂದಲೂ ಹೀಗಾಗುತ್ತೆ ಅಂದರು ಡಾಕ್ಟರು. ಗಂಡು ಬೆಕ್ಕಾಗಿದ್ದರೆ ಮೂತ್ರವೇ ಕಟ್ಟಿಕೊಂಡು ಜೀವಕ್ಕೆ ಬರಬಹುದಿತ್ತಂತೆ. ಆಸ್ಪತ್ರೆ ಬಾಗಿಲಲ್ಲಿ ಅವಳನ್ನು ಎದೆಗವಚಿಕೊಂಡು ಅತ್ತಿದ್ದೇನೆ.

"ಬೀದಿ ಬೆಕ್ಕುಗಳಿಗೆ ಯಾರು ಪರಿಚಯ ಮಾಡಿಸ್ತಾರೆ?" ಅಂತ ಕೇಳ್ತಾರೆ. ಬೀದಿಯಲ್ಲಿ ಓಡಿಹೋಗೋಕೆ ಜಾಗ ಇದೆ ಸ್ವಾಮಿ. ಮನೆಯಲ್ಲಿರೋದು ನಾಲ್ಕು ಗೋಡೆ, ಒಂದೇ ಊಟದ ತಟ್ಟೆ.

ಬೆಕ್ಕಿಗೆ ಗುರುತು ಅಂದರೆ ಮೊದಲು ವಾಸನೆ. ಕೆನ್ನೆ, ಗಲ್ಲವನ್ನು ಕುರ್ಚಿ ಕಾಲಿಗೆ ಉಜ್ಜಿ ಉಜ್ಜಿ ಅದು ಮನೆಯನ್ನು ತನ್ನದಾಗಿಸಿಕೊಂಡಿರುತ್ತೆ. ಅಲ್ಲಿಗೆ ಗುರುತಿಲ್ಲದ ಇನ್ನೊಂದು ವಾಸನೆ ಏಕಾಏಕಿ ನುಗ್ಗಿದರೆ ಹೆದರದೆ ಇನ್ನೇನು ಮಾಡೀತು? ಅದಕ್ಕೇ ಹೊಸದಕ್ಕೆ ಬೇರೆ ಕೋಣೆ ಕೊಡಿ, ಅದರ ನೀರು, ಊಟ, ಟ್ರೇ ಎಲ್ಲ ಅಲ್ಲೇ ಇರಲಿ, ಬಾಗಿಲು ಹಾಕಿ. ರೋಗದ ದೃಷ್ಟಿಯಿಂದಲೂ ಇದು ಬೇಕೇ ಬೇಕು. ಪ್ಯಾನ್‌ಲ್ಯುಕೋಪೀನಿಯಾ ಅನ್ನೋದು ಬೆಕ್ಕುಗಳ ಜೀವ ತೆಗೆಯಬಲ್ಲ ಅಂಟುರೋಗ, ಅದರ ವೈರಸ್ ನೆಲ, ಬಟ್ಟೆಗಳಲ್ಲಿ 1 ವರ್ಷದವರೆಗೂ ಉಳಿಯಬಲ್ಲದು. ಹಾಗಾಗಿ ತಪಾಸಣೆ, ಲಸಿಕೆ ಮುಗಿಯುವ ತನಕ ವಸ್ತುಗಳನ್ನೂ ಅದಲುಬದಲು ಮಾಡಬೇಡಿ.

ಚಿನ್ನಿ ಚೇತರಿಸಿಕೊಂಡ ಮೇಲೆ ನಾನು ಎಲ್ಲ ಮೊದಲಿಂದ ಶುರು ಮಾಡಿದೆ. ಗುಂಡನ ಕೆನ್ನೆಗೆ ಉಜ್ಜಿದ ಟವೆಲ್ ಅವಳ ಹತ್ತಿರ, ಅವಳದ್ದು ಅವನ ಹತ್ತಿರ. ಮೊದಲ ದಿನ ಅವಳು ಆ ಟವೆಲ್‌ಗೂ ಬುಸುಗುಟ್ಟಿದಳು. ನಾನು ಗದರಲಿಲ್ಲ, ಗದರಲೂಬಾರದು. ಬುಸುಗುಡೋದು "ದೂರ ಇರು" ಅನ್ನೋ ಮಾತು, ಅದನ್ನೂ ಆಡಬೇಡ ಅಂದರೆ ಉಗುರೇ ಬರೋದು. ಆಮೇಲೆ ಬಾಗಿಲ ಆಚೆ ಈಚೆ ಊಟ, ದಿನಕ್ಕಿಷ್ಟು ತಟ್ಟೆ ಹತ್ತಿರಕ್ಕೆ. ಒಂದು ಬೆಳಿಗ್ಗೆ ಬಾಗಿಲ ಸಂದಿಯಿಂದ ಗುಂಡ ಚಾಚಿದ ಪಂಜವನ್ನು ಚಿನ್ನಿ ಮೂಸಿ ನೋಡಿದಳು. ಬುಸುಗುಡಲಿಲ್ಲ. ಮೂಸಿ, ಪಕ್ಕದಲ್ಲೇ ಕೂತು ತನ್ನ ಕಾಲು ನೆಕ್ಕಿಕೊಂಡಳು. ಆ ಖುಷಿ ಹೇಗೆ ಹೇಳಲಿ! ಅದಕ್ಕೆ ಐದು ವಾರ ಹಿಡಿದಿತ್ತು. ಕೆಲವಕ್ಕೆ ತಿಂಗಳುಗಳೇ ಬೇಕು. ಈಗಲೂ ಇಬ್ಬರಿಗೆ ಮೂರು ಟ್ರೇ ಇಟ್ಟಿದ್ದೇನೆ.

ಬೆಳಿಗ್ಗೆ ಗೆಳತಿಗೆ ಫೋನ್ ಮಾಡಿ ಜಗಳವನ್ನೇ ಆಡಿದೆ. ಮರಿಯನ್ನು ಕೋಣೆಗೆ ಬಿಟ್ಟು ಬಾಗಿಲು ಹಾಕಿದ್ದಾಳಂತೆ. ನಾಳೆ ಡಾಕ್ಟರ ಹತ್ತಿರ ಮೂವರೂ ಹೋಗ್ತಿದ್ದೇವೆ, ಬುಟ್ಟಿ ನನ್ನ ಮಡಿಲಲ್ಲಿ.